ನೀರಾ, ಗಾಳಿಯಾ? ಕಂಪ್ಯೂಟರ್ ತಂಪು ಮಾಡಿದ ಎಂಬತ್ತು ವರ್ಷದ ಕಥೆ

ಭಾಗ 1/11 | ಪ್ರಶ್ನೆ

"ಲಿಕ್ವಿಡ್ ಕೂಲರ್ ಹಾಕಿಸ್ಲಾ, ಇಲ್ಲ ಏರ್ ಕೂಲರೇ ಸಾಕಾ?"

ಮನೆಗೆ ಪಿಸಿ ಜೋಡಿಸೋಕೆ ಹೊರಟವರೆಲ್ಲ ಒಂದಲ್ಲ ಒಂದು ದಿನ ಇದನ್ನ ಕೇಳ್ತಾರೆ. ಕೇಳೋರು ಕೊಡಗಿನವರಾದ್ರೆ ಹಿಂದೆಯೇ ಇನ್ನೊಂದು ಮಾತು ಬರುತ್ತೆ: "ನಮ್ಮೂರಲ್ಲಿ ಹೇಗೂ ಚಳಿ, ಅದೆಲ್ಲ ಬೇಕಾ?" ಉತ್ತರ ಹೇಳೋರಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಗಾಜಿನ ಕೇಸ್ ಒಳಗೆ ಬಣ್ಣದ ಲೈಟಿನ ರೇಡಿಯೇಟರ್ ಇಲ್ಲದಿದ್ರೆ ಅದು ಪಿಸಿಯೇ ಅಲ್ಲ. ಇನ್ನೊಂದು ಪಕ್ಷಕ್ಕೆ ಕರೆಂಟಿನ ಪಕ್ಕ ನೀರು ತರೋದೇ ಹುಚ್ಚುತನ.

ಈ ಜಗಳ ಮನೆ ಪಿಸಿಗಿಂತ ಹಳೇದು. ಎಂಬತ್ತು ವರ್ಷದಲ್ಲಿ ಕಂಪ್ಯೂಟರ್‌ಗಳು ಗಾಳಿಯಿಂದ ನೀರಿಗೆ ಹೋಗಿವೆ, ನೀರಿಂದ ಗಾಳಿಗೆ ವಾಪಸ್ ಬಂದಿವೆ, ಈಗ ಮತ್ತೆ ನೀರಿನ ಕಡೆ ಹೊರಟಿವೆ. ಆ ಇತಿಹಾಸ ಓದಿದ್ಮೇಲೆ ನನಗೆ ಒಂದು ವಿಷಯ ಸ್ಪಷ್ಟ ಆಯ್ತು. ಯಾವ ಕಾಲದಲ್ಲೂ "ಯಾವುದು ಒಳ್ಳೇದು" ಅನ್ನೋದರ ಮೇಲೆ ಇದು ತೀರ್ಮಾನ ಆಗಿಲ್ಲ. ಎರಡು ಪ್ರಶ್ನೆಗಳ ಮೇಲೆ ಆಗಿದೆ. ಎಷ್ಟು ಜಾಗದಲ್ಲಿ ಎಷ್ಟು ಬಿಸಿ ಹುಟ್ಟುತ್ತೆ? ಕೆಟ್ಟು ನಿಂತರೆ ಪಕ್ಕದಲ್ಲಿ ರಿಪೇರಿ ಮಾಡೋರು ಯಾರಿದ್ದಾರೆ?

ಮೊದಲನೇದನ್ನ ಎಲ್ಲರೂ ಕೇಳ್ತಾರೆ. ಎರಡನೇದನ್ನ ಅಂಗಡಿಯಲ್ಲಿ ಯಾರೂ ಕೇಳಲ್ಲ.

ನಮ್ಮ ಜಿಲ್ಲೆಗೆ ಎರಡನೇದೇ ಮುಖ್ಯ. ಇಲ್ಲಿ ಎಷ್ಟೋ ಮನೆಗಳಿಗೆ ದೊಡ್ಡ ದುಡ್ಡು ಬರೋದು ವರ್ಷಕ್ಕೊಮ್ಮೆ, ಕಾಫಿ-ಮೆಣಸು ಮಾರಿದಾಗ. ಆ ದುಡ್ಡಲ್ಲಿ ತಗೊಂಡ ಮಿಷಿನ್ ಆಗಸ್ಟಲ್ಲಿ ಕೆಟ್ಟರೆ ಮುಂದಿನ ಕೊಯ್ಲಿನವರೆಗೆ ಕಾಯಬೇಕು. ಹಾಗಾಗಿ ಈ ಸಲದ ಸರಣಿ ಇದರ ಬಗ್ಗೆ. ಒಟ್ಟು ಹನ್ನೊಂದು ಪೋಸ್ಟ್. ಸೇವ್ ಮಾಡ್ಕೊಳಿ.

ಭಾಗ 2/11 | ಕೆರೆ ಪಕ್ಕದ ಎಂಜಿನ್

ಕಂಪ್ಯೂಟರ್‌ಗೆ ಹೋಗೋ ಮೊದಲು ತೋಟಕ್ಕೆ ಹೋಗೋಣ. ಫೆಬ್ರವರಿ-ಮಾರ್ಚಲ್ಲಿ ರೋಬಸ್ಟಾ ಹೂ ಅರಳಿಸೋಕೆ ಸ್ಪ್ರಿಂಕ್ಲರ್ ಓಡಿಸ್ತಾರಲ್ಲ, ಆಗ ಕೆರೆ ಪಕ್ಕ ಡೀಸೆಲ್ ಪಂಪ್‌ಸೆಟ್ ನೋಡಿರ್ತೀರಿ. ಅದರಲ್ಲೂ ಎರಡು ಜಾತಿ. ಒಂದರ ಮೈಮೇಲೆ ಲೋಹದ ರೆಕ್ಕೆಗಳಿರುತ್ತೆ, ಫ್ಯಾನ್ ಅದಕ್ಕೆ ಗಾಳಿ ಊದುತ್ತೆ. ಇನ್ನೊಂದಕ್ಕೆ ಪಂಪ್ ಎತ್ತೋ ನೀರಲ್ಲೇ ಸ್ವಲ್ಪವನ್ನ ಸಣ್ಣ ಪೈಪಲ್ಲಿ ಎಂಜಿನ್ ಒಳಗೆ ಸುತ್ತಿಸಿ ಹೊರಗೆ ಬಿಡ್ತಾರೆ. ಆ ಪೈಪಿನ ತುದಿಗೆ ಕೈ ಹಿಡಿದ್ರೆ ನೀರು ಬೆಚ್ಚಗಿರುತ್ತೆ.

ಕಾರಣ ಸರಳ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗೋಕೆ ಹೀರೋ ಶಾಖ, ಒಂದು ಲೀಟರ್ ಗಾಳಿ ಹೀರೋ ಶಾಖದ ಸುಮಾರು 3,500 ಪಟ್ಟು. ಅಂದ್ರೆ ಬೆರಳು ದಪ್ಪದ ಪೈಪಲ್ಲಿ ನೀರು ಹೊತ್ತೊಯ್ಯೋ ಬಿಸಿಯನ್ನ ಗಾಳಿ ಹೊತ್ತೊಯ್ಯಬೇಕಾದ್ರೆ ಭಾರಿ ಪ್ರಮಾಣದಲ್ಲಿ ಬೀಸಬೇಕು. ಆದ್ರೆ ನೀರಿಗೆ ಪೈಪ್ ಬೇಕು, ಪಂಪ್ ಬೇಕು, ಸೋರದ ಹಾಗೆ ನೋಡ್ಕೊಳ್ಳೋ ಮನುಷ್ಯ ಬೇಕು.

ಬೈಕಲ್ಲೂ ಇದೇ ಕಥೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿ ಬೈಕ್‌ಗಳ ಎಂಜಿನ್ ತಂಪಾಗ್ತಿದ್ದದ್ದು ಬರೀ ಗಾಳಿಯಿಂದ. ನಮ್ಮ ಘಾಟಿಗಳನ್ನ ಎಷ್ಟು ಸಲ ಹತ್ತಿವೆಯೋ ಲೆಕ್ಕ ಇಲ್ಲ, ರಿಪೇರಿಗೆ ಊರಿನ ಮೆಕ್ಯಾನಿಕ್ ಸಾಕಾಗ್ತಿದ್ದ. 2018ರಲ್ಲಿ ಅದೇ ಹೆಸರು ವಾಪಸ್ ಬಂದಾಗ ಎಂಜಿನ್ 293 ಸಿಸಿ, ಲಿಕ್ವಿಡ್ ಕೂಲ್ಡ್. ಹೆಚ್ಚು ಶಕ್ತಿ ಬೇಕು, ಹೊಗೆ ಕಡಿಮೆ ಇರಬೇಕು ಅಂದಾಗ ಎಂಜಿನ್ ಬಿಸಿಯನ್ನ ಬಿಗಿಯಾಗಿ ಹಿಡಿತದಲ್ಲಿ ಇಡಬೇಕಾಗುತ್ತೆ. ರೇಡಿಯೇಟರ್ ಬರುತ್ತೆ. ಜೊತೆಗೆ ಸರ್ವಿಸ್ ಸೆಂಟರ್ ಕೂಡ ಬೇಕಾಗುತ್ತೆ.

ಇದನ್ನ ನೆನಪಲ್ಲಿ ಇಟ್ಕೊಂಡು ಮುಂದಿನ ಪೋಸ್ಟಿಗೆ ಬನ್ನಿ. ಈಗ ಹೋಗ್ತಿರೋದು 1946ಕ್ಕೆ.

ಭಾಗ 3/11 | ವಾಲ್ವ್‌ಗಳ ಕೋಣೆ

ಅಜ್ಜನ ಕಾಲದ ವಾಲ್ವ್ ರೇಡಿಯೊ ನೋಡಿದ್ರೆ ಗೊತ್ತಿರುತ್ತೆ, ಸ್ವಲ್ಪ ಹೊತ್ತು ಹಾಕಿದ್ರೆ ಮೇಲ್ಭಾಗ ಬೆಚ್ಚಗಾಗುತ್ತೆ. ಅದರೊಳಗೆ ಇರೋದು ಐದಾರು ವಾಲ್ವ್. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಿ 1946ರ ಫೆಬ್ರವರಿಯಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರಲ್ಲಿ ಇದ್ದದ್ದು ಸುಮಾರು 18,000.

ಅದು ಎಳೀತಿದ್ದ ವಿದ್ಯುತ್ ಸುಮಾರು 150 ಕಿಲೋವ್ಯಾಟ್. ಕಂಪ್ಯೂಟರ್ ಎಳೆದ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿ ಕೊನೆಗೆ ಬಿಸಿಯಾಗೇ ಹೊರಗೆ ಬರೋದು. ಒಂದು ಕಿಲೋವ್ಯಾಟಿನ 150 ಹೀಟರ್‌ಗಳನ್ನ ಒಂದೇ ಹಾಲಲ್ಲಿ ಹಚ್ಚಿಟ್ಟ ಹಾಗೆ ಅಂದ್ಕೊಳಿ.

ಆದ್ರೂ ಅಲ್ಲಿ ನೀರಿರಲಿಲ್ಲ. ದೊಡ್ಡ ದೊಡ್ಡ ಬ್ಲೋವರ್‌ಗಳು ಗಾಳಿಯನ್ನ ಪ್ಯಾನೆಲ್‌ಗಳ ಒಳಗಿಂದ ದೂಡ್ತಿದ್ವು. ಒಳಗೆ ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯೋ ಥರ್ಮೋಸ್ಟ್ಯಾಟ್‌ಗಳಿದ್ವು. ಇವತ್ತು ನಮ್ಮ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ಆಫ್ ಆಗುತ್ತಲ್ಲ, ಆ ಯೋಚನೆ ಅಷ್ಟು ಹಳೇದು.

150 ಕಿಲೋವ್ಯಾಟಿಗೆ ಗಾಳಿ ಹೇಗೆ ಸಾಕಾಯ್ತು? ಬಿಸಿ ಜಾಸ್ತಿ ಇದ್ರೂ ಅದು ಹರಡಿಕೊಂಡಿತ್ತು. ಮಿಷಿನ್ ಒಂದು ದೊಡ್ಡ ಕೋಣೆಯ ಮೂರು ಗೋಡೆ ತುಂಬಿತ್ತು, ಒಂದೊಂದು ವಾಲ್ವ್ ನಡುವೆ ಗಾಳಿ ಆಡೋ ಜಾಗ ಇತ್ತು. ಕಣದಲ್ಲಿ ಕಾಫಿಯನ್ನ ತೆಳ್ಳಗೆ ಹರಡಿದ್ರೆ ಗಾಳಿ-ಬಿಸಿಲಿಗೇ ಒಣಗುತ್ತೆ. ಅಷ್ಟೇ ಕಾಫಿಯನ್ನ ಗುಡ್ಡೆ ಹಾಕಿದ್ರೆ ಒಳಗಿಂದ ಕಾವು ಹಿಡಿಯುತ್ತೆ. ಒಟ್ಟು ಕಾಫಿ ಎಷ್ಟು ಅನ್ನೋದಕ್ಕಿಂತ ಹೇಗೆ ಇಟ್ಟಿದ್ದೀವಿ ಅನ್ನೋದು ಮುಖ್ಯ.

ಮುಂದಿನ ಇಪ್ಪತ್ತು ವರ್ಷ ಎಂಜಿನಿಯರ್‌ಗಳು ಮಾಡಿದ ಕೆಲಸ ಅದೇ: ಹರಡಿದ್ದನ್ನ ಗುಡ್ಡೆ ಹಾಕಿದ್ರು.

ಭಾಗ 4/11 | ನೀರು ಬಂತು

ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂದಾಗ ಬಿಸಿಯ ಸಮಸ್ಯೆ ಮುಗೀತು ಅಂತ ಅನ್ನಿಸಿರಬೇಕು. ಒಂದೊಂದು ಟ್ರಾನ್ಸಿಸ್ಟರ್ ಬಿಸಿ ತುಂಬಾ ಕಡಿಮೆ. ಆದ್ರೆ ಚಿಕ್ಕದಾಯ್ತು ಅಂತ ಯಾರೂ ಕಡಿಮೆ ಹಾಕ್ಲಿಲ್ಲ. ಅದೇ ಜಾಗಕ್ಕೆ ಸಾವಿರ ತುಂಬಿದ್ರು. ವೇಗ ಬೇಕಾದ್ರೆ ಭಾಗಗಳ ನಡುವಿನ ತಂತಿ ಗಿಡ್ಡ ಇರಬೇಕು, ತಂತಿ ಗಿಡ್ಡ ಆಗಬೇಕಾದ್ರೆ ಎಲ್ಲವೂ ಒತ್ತಾಗಿ ಕೂರಬೇಕು.

ಐಬಿಎಂ ಕಂಪನಿಯ ಸಿಸ್ಟಂ/360 ಸಾಲಿನ ಮಾಡೆಲ್ 91 ಇದಕ್ಕೆ ಒಳ್ಳೆ ಉದಾಹರಣೆ. 1967ರಲ್ಲಿ ನಾಸಾಗೆ ಹೋದ ಈ ಮಿಷಿನ್ ಆ ಕಾಲದ ಅತಿ ವೇಗದ ಕಂಪ್ಯೂಟರ್‌ಗಳಲ್ಲಿ ಒಂದು. ಅದರ ಬಿಸಿ ತೆಗೆಯೋಕೆ ತಂಪು ನೀರಿನ ಪೈಪ್‌ಗಳನ್ನ ಕಂಪ್ಯೂಟರ್ ಒಳಗೇ ತಂದ್ರು.

1980ರಲ್ಲಿ ಘೋಷಣೆ ಆದ ಐಬಿಎಂ 3081 ಇನ್ನೂ ಮುಂದೆ ಹೋಯ್ತು. ಅಂಗೈ ಅಗಲದ ಒಂದು ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ಚಿಪ್. ಪ್ರತಿ ಚಿಪ್ ಮೇಲೆ ಸ್ಪ್ರಿಂಗ್ ಒತ್ತಿದ ಒಂದು ಪುಟ್ಟ ಲೋಹದ ಪಿಸ್ಟನ್. ಪೆಟ್ಟಿಗೆ ಒಳಗೆ ಗಾಳಿ ಬದಲು ಹೀಲಿಯಂ ತುಂಬಿದ್ರು, ಯಾಕಂದ್ರೆ ಅದು ಶಾಖವನ್ನ ಗಾಳಿಗಿಂತ ಚೆನ್ನಾಗಿ ದಾಟಿಸುತ್ತೆ. ಪೆಟ್ಟಿಗೆ ಮೇಲೆ ನೀರು ಹರಿಯೋ ತಟ್ಟೆ. ಚಿಪ್‌ನಿಂದ ಪಿಸ್ಟನ್‌ಗೆ, ಅಲ್ಲಿಂದ ತಟ್ಟೆಗೆ, ಅಲ್ಲಿಂದ ನೀರಿಗೆ ಬಿಸಿ ಹೋಗ್ತಿತ್ತು. ಇವತ್ತು ನಾವು ಪ್ರೊಸೆಸರ್ ಮೇಲೆ ಕೂರಿಸೋ ವಾಟರ್ ಬ್ಲಾಕ್‌ನ ಕೆಲಸವೂ ಇದೇ.

ಆದ್ರೆ ಈ ಕಂಪ್ಯೂಟರ್ ಇದ್ದ ಜಾಗ ಹೇಗಿತ್ತು ನೋಡಿ. ಬ್ಯಾಂಕ್, ಸರ್ಕಾರಿ ಇಲಾಖೆ, ಸಂಶೋಧನಾ ಸಂಸ್ಥೆ. ನೀರು ತಂಪು ಮಾಡೋ ಘಟಕ ಪಕ್ಕದ ಕೋಣೆಯಲ್ಲಿ. ಒಂದು ಕರೆ ಮಾಡಿದ್ರೆ ಕಂಪನಿಯ ಎಂಜಿನಿಯರ್ ಹಾಜರ್. ನೀರಿನ ಜೊತೆ ಅದನ್ನ ನೋಡ್ಕೊಳ್ಳೋ ಜನಕ್ಕೂ ದುಡ್ಡು ಕೊಟ್ಟಿದ್ರು.

ಭಾಗ 5/11 | ಸೋಫಾ ಥರದ ಸೂಪರ್ ಕಂಪ್ಯೂಟರ್

ಈ ಕಥೆಯಲ್ಲಿ ಸೇಮೂರ್ ಕ್ರೇ ಹೆಸರು ಬಿಡೋಕಾಗಲ್ಲ. 1976ರಲ್ಲಿ ಅವರ ಮೊದಲ ಕ್ರೇ-1 ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯ ಸೇರ್ತು. ದುಂಡಗೆ ನಿಂತ ಕಂಬಗಳು, ಸುತ್ತ ಕೂರೋಕೆ ಸೋಫಾ ಥರ ಆಸನ. ಆ ಆಸನದ ಕೆಳಗೆ ಇದ್ದದ್ದು ಪವರ್ ಸಪ್ಲೈಗಳು.

ಕ್ರೇ-1 ಎಳೀತಿದ್ದದ್ದು ಸುಮಾರು 115 ಕಿಲೋವ್ಯಾಟ್. ಎನಿಯಾಕ್‌ಗಿಂತ ಕಡಿಮೆ, ಆದ್ರೆ ಅಷ್ಟೂ ಬಿಸಿ ಒಬ್ಬ ಮನುಷ್ಯನಷ್ಟು ಎತ್ತರದ ಆ ಒಂದು ದುಂಡು ಕಂಬದ ಗುಂಪಲ್ಲಿ. ಗಾಳಿಯಿಂದ ಆಗೋ ಮಾತಲ್ಲ. ಫ್ರಿಜ್‌ನಲ್ಲಿ ಇರ್ತಿದ್ದ ಫ್ರಿಯಾನ್ ಅನ್ನೇ ಕಂಬಗಳ ಒಳಗಿನ ಉಕ್ಕಿನ ಕೊಳವೆಯಲ್ಲಿ ಹರಿಸಿದ್ರು.

ಸೋರಿಕೆಯ ಭಯ ನಮಗೆ ಮಾತ್ರ ಅಲ್ಲ, ಅವರಿಗೂ ಇತ್ತು. ಮಿಷಿನ್ ತಯಾರಾಗ್ತಿದ್ದಾಗ ಕೊಳವೆಯ ಬೆಸುಗೆಯ ಸಂದಿಯಿಂದ ಫ್ರಿಯಾನ್ ಜೊತೆ ಎಣ್ಣೆಯೂ ಸೋರಿ ಬೋರ್ಡ್‌ಗಳ ಮೇಲೆ ಕೂತು ಶಾರ್ಟ್ ಆಗ್ತಿತ್ತು. ಬೆಸುಗೆ ಹಾಕೋ ವಿಧಾನವನ್ನೇ ಹೊಸದಾಗಿ ಕಂಡುಕೊಳ್ಳಬೇಕಾಯ್ತು.

1985ರ ಕ್ರೇ-2ರಲ್ಲಿ ಪೈಪಿನ ಸಹವಾಸವೇ ಬೇಡ ಅಂತ ಇಡೀ ಬೋರ್ಡ್‌ಗಳನ್ನೇ ದ್ರವದಲ್ಲಿ ಮುಳುಗಿಸಿಬಿಟ್ರು. ಅದು ನೀರಲ್ಲ, ಕರೆಂಟ್ ಹರಿಯದ ಫ್ಲೂರಿನರ್ಟ್ ಅನ್ನೋ ದ್ರವ. ಗಾಜಿನ ತೊಟ್ಟಿಯೊಳಗೆ ಅದು ಹರಿಯೋದು ಕಣ್ಣಿಗೇ ಕಾಣ್ತಿತ್ತು, ಹಾಗಾಗಿ ಜನ "ಬಬಲ್ಸ್" ಅಂತ ಅಡ್ಡಹೆಸರು ಇಟ್ರು. ಈಗ ಯೂಟ್ಯೂಬಲ್ಲಿ ಪಿಸಿಯನ್ನ ಎಣ್ಣೆಯಲ್ಲಿ ಮುಳುಗಿಸೋ ವಿಡಿಯೊ ನೋಡಿದ್ರೆ ಇದನ್ನ ನೆನಪಿಸ್ಕೊಳಿ. ಹೊಸದೇನಲ್ಲ.

ಭಾಗ 6/11 | ನಮ್ಮ ಮುಂಗಾರು, ಅವರ ಕ್ರೇ

ಈ ಕಥೆ ಭಾರತಕ್ಕೆ ಬಂದದ್ದು ಮಳೆಯ ನೆಪದಲ್ಲಿ. ಮುಂಗಾರಿನ ಮುನ್ಸೂಚನೆಗೆ ಭಾರಿ ಲೆಕ್ಕ ಬೇಕು. 1980ರ ದಶಕದಲ್ಲಿ ಭಾರತ ಕ್ರೇ ಎಕ್ಸ್‌ಎಂಪಿ-24 ಕೇಳ್ತು. ಅದನ್ನ ಅಣ್ವಸ್ತ್ರದ ಲೆಕ್ಕಕ್ಕೂ ಬಳಸಬಹುದು ಅಂತ ಅಮೆರಿಕ ಕೊಡಲಿಲ್ಲ. ಅದಕ್ಕಿಂತ ಕಡಿಮೆ ಸಾಮರ್ಥ್ಯದ ಎಕ್ಸ್‌ಎಂಪಿ-14 ಕೊಡ್ತು. ದಶಕದ ಕೊನೆಗೆ ಅದು ದೆಹಲಿಯಲ್ಲಿ ಹವಾಮಾನದ ಲೆಕ್ಕಕ್ಕೆ ನಿಂತಿತು. ಅದೂ ಕ್ರೇ-1 ಥರಾನೇ ಫ್ರಿಯಾನ್‌ನಿಂದ ತಂಪಾಗೋ ಮಿಷಿನ್.

ನಮ್ಮವರು ಹಿಡಿದ ದಾರಿ ಬೇರೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದ್ರೆ ಎನ್‌ಎಎಲ್, 1986ರಲ್ಲಿ ಫ್ಲೋಸಾಲ್ವರ್ ಅನ್ನೋ ಕಂಪ್ಯೂಟರ್ ಕಟ್ತು. ಒಳಗಿದ್ದದ್ದು ಇಂಟೆಲ್ 8086, ಆ ಕಾಲದ ಪಿಸಿಗಳಲ್ಲಿ ಇರೋ ಜಾತಿಯದೇ ಚಿಪ್. ಅದಕ್ಕೆ ಪ್ರತ್ಯೇಕ ಕೂಲರೇ ಬೇಡ. ಒಂದೇ ಭಾರಿ ಪ್ರೊಸೆಸರ್ ಬದಲು ಸಣ್ಣ ಸಣ್ಣವನ್ನ ಜೊತೆಯಾಗಿ ದುಡಿಸೋದು ಅವರ ಯೋಚನೆ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾಯ್ತು, 1991ರಲ್ಲಿ ಪರಮ್ 8000 ಬಂತು. ಅದರ ಯೋಚನೆಯೂ ಅದೇ.

ಬಿಸಿಯ ಲೆಕ್ಕದಲ್ಲಿ ನೋಡಿದ್ರೆ ಇದು ಮತ್ತೆ ಕಾಫಿಯನ್ನ ಕಣದಲ್ಲಿ ಹರಡಿದ ಹಾಗೆ. ಗುಡ್ಡೆ ಹಾಕದಿದ್ರೆ ವಿಶೇಷ ತಂಪು ಬೇಡ.

ಆದ್ರೆ ಅಲ್ಲೂ ಗುಡ್ಡೆ ಬೆಳೀತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅದರಲ್ಲಿ ದ್ರವವನ್ನ ನೇರವಾಗಿ ಚಿಪ್ ಹತ್ತಿರಕ್ಕೇ ಒಯ್ಯೋ ವ್ಯವಸ್ಥೆ ಇದೆ. ಕ್ಯಾಂಪಸ್ಸಲ್ಲೇ ತಂತ್ರಜ್ಞರಿದ್ದಾರೆ, ಬ್ಯಾಕಪ್ ವಿದ್ಯುತ್ ಇದೆ. ಅಂಥ ಜಾಗಕ್ಕೆ ದ್ರವ ಸರಿಯಾದ ಆಯ್ಕೆ.

ಭಾಗ 7/11 | ಮತ್ತೆ ಗಾಳಿ, ಮತ್ತೆ ನೀರು, ಮತ್ತೆ ಗಾಳಿ

ನೀರಿನ ಮಿಷಿನ್‌ಗಳಿಗೆ ಹೆಸರಾಗಿದ್ದ ಐಬಿಎಂ 1994ರಲ್ಲಿ ಒಂದು ತಿರುವು ತಗೊಂಡ್ತು. ಹಳೇ ಬೈಪೋಲಾರ್ ಚಿಪ್ ಬಿಟ್ಟು ಸಿಮಾಸ್ ಚಿಪ್‌ನ ಮೇನ್‌ಫ್ರೇಮ್ ತಂತು. ಸಿಮಾಸ್ ಎಳೆಯೋ ವಿದ್ಯುತ್ ತುಂಬಾ ಕಡಿಮೆ. ನೀರಿನ ಪೈಪ್ ಹೋಯ್ತು, ಫ್ಯಾನ್ ವಾಪಸ್ ಬಂತು. ಶುರುವಿನ ಸಿಮಾಸ್ ಮಿಷಿನ್‌ಗಳು ವೇಗದಲ್ಲಿ ಹಿಂದೆ ಇದ್ವು, ಆದ್ರೂ ಖರ್ಚಿನ ಲೆಕ್ಕದಲ್ಲಿ ಗೆದ್ವು.

ಮನೆ ಪಿಸಿಯಲ್ಲಿ ಅದೇ ಹೊತ್ತಿಗೆ ಬಿಸಿ ಏರೋಕೆ ಶುರು. 486 ಕಾಲದಲ್ಲಿ ಚಿಪ್ ಮೇಲೆ ಒಂದು ಲೋಹದ ತುಂಡು ಅಂಟಿಸಿದ್ರೆ ಬಹಳಷ್ಟು ಸಲ ಸಾಕಾಗ್ತಿತ್ತು. 1993ರ ಮೊದಲ ಪೆಂಟಿಯಂ ಹದಿನೈದು-ಹದಿನಾರು ವ್ಯಾಟ್ ತನಕ ಹೋಗ್ತಿತ್ತು, ಫ್ಯಾನ್ ಸಾಮಾನ್ಯ ಆಯ್ತು. 2004ರ ಪೆಂಟಿಯಂ 4 ಪ್ರೆಸ್ಕಾಟ್ ಹೊತ್ತಿಗೆ ಅದು 115 ವ್ಯಾಟ್. ಹತ್ತು ವರ್ಷದಲ್ಲಿ ಏಳು ಪಟ್ಟು.

ಅದೇ 2004ರಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ5 ಕಂಪ್ಯೂಟರನ್ನ ಲಿಕ್ವಿಡ್ ಕೂಲಿಂಗ್ ಸಮೇತ ಮಾರಿತು. ಕಾಲ ಕಳೆದಂತೆ ಅದರಲ್ಲಿ ಕೆಲವು ಒಳಗೇ ಸೋರಿ ಹಾಳಾದ್ವು. ಮಾಲೀಕನಿಗೆ ಹೊರಗಿಂದ ಏನೂ ಕಾಣ್ತಿರಲಿಲ್ಲ.

ಆಗ ಎಲ್ಲರೂ ಇನ್ನು ಮುಂದೆ ಮನೆ ಮನೆಗೂ ನೀರೇ ಅಂದ್ಕೊಂಡಿರಬಹುದು. ಆದ್ರೆ ಇಂಟೆಲ್ 2004ರ ಮೇನಲ್ಲಿ ಇನ್ನೂ ಬಿಸಿಯಾಗಲಿದ್ದ ತೇಜಸ್ ಅನ್ನೋ ಮುಂದಿನ ಚಿಪ್ ಅನ್ನೇ ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಡ್ಯುಯೋ ಹೆಚ್ಚು ಕೆಲಸ ಮಾಡ್ತಿತ್ತು, ಲೆಕ್ಕ 65 ವ್ಯಾಟ್. ಅದೇ ವರ್ಷದ ಮ್ಯಾಕ್ ಪ್ರೊ ಗಾಳಿಗೆ ವಾಪಸ್.

ಗಮನಿಸಿ, ಎರಡೂ ಸಲ ನೀರನ್ನ ಹೊರಗೆ ಹಾಕಿದ್ದು ಒಳ್ಳೆ ಫ್ಯಾನ್ ಅಲ್ಲ. ಕಡಿಮೆ ಬಿಸಿಯಾಗೋ ಚಿಪ್.

ಭಾಗ 8/11 | ಅಕ್ವೇರಿಯಂ ಪಂಪ್‌ನಿಂದ ಪೆಟ್ಟಿಗೆ ಮಾಲಿಗೆ

ಹಾಗಾದ್ರೆ ಅಂಗಡಿಯಲ್ಲಿ ಕಾಣೋ ಲಿಕ್ವಿಡ್ ಕೂಲರ್ ಎಲ್ಲಿಂದ ಬಂತು? ಹವ್ಯಾಸಿಗಳಿಂದ. 1990ರ ದಶಕದ ಕೊನೆಗೆ ಓವರ್‌ಕ್ಲಾಕ್ ಹುಚ್ಚು ಜೋರಾಗಿತ್ತು. 1998ರ ಸೆಲೆರಾನ್ 300ಎ ಚಿಪ್ ಅನ್ನ 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸಿದವರು ಲೆಕ್ಕವಿಲ್ಲದಷ್ಟು. ವೇಗ ಏರಿಸಿದ್ರೆ ಬಿಸಿ. ಅದಕ್ಕೆ ಮೀನಿನ ತೊಟ್ಟಿಯ ಪಂಪ್, ತಾಮ್ರದ ಬ್ಲಾಕ್, ಚಳಿ ದೇಶದ ಕಾರಲ್ಲಿ ಒಳಗೆ ಬೆಚ್ಚಗಿಡೋಕೆ ಇರೋ ಹೀಟರಿನ ಪುಟ್ಟ ರೇಡಿಯೇಟರ್, ಇಷ್ಟನ್ನ ಜೋಡಿಸಿ ಮನೆಯಲ್ಲೇ ಲೂಪ್ ಕಟ್ಟಿದ್ರು. ಸೋರಿದ್ರೆ ಅವರೇ ಒರೆಸ್ತಿದ್ರು, ಅವರೇ ಮತ್ತೆ ಬಿಗೀತಿದ್ರು. ರಿಪೇರಿಯವನೂ ಮಾಲೀಕನೂ ಒಬ್ಬನೇ.

ಡೆನ್ಮಾರ್ಕಿನ ಅಸೆಟೆಕ್ ಕಂಪನಿ ಇದನ್ನ ಪೆಟ್ಟಿಗೆಯಲ್ಲಿ ಮಾರೋ ಮಾಲು ಮಾಡಿತು. ಪಂಪನ್ನೂ ಚಿಪ್ ಮೇಲೆ ಕೂರೋ ತಟ್ಟೆಯನ್ನೂ ಒಂದೇ ಭಾಗದಲ್ಲಿ ಸೇರಿಸಿ, ದ್ರವ ತುಂಬಿ, ಕಾರ್ಖಾನೆಯಲ್ಲೇ ಸೀಲ್ ಮಾಡಿದ್ರು. 2009ರಲ್ಲಿ ಬಂದ ಕೋರ್ಸೇರ್ ಎಚ್50 ಇಂಥದ್ದು. ಹೆಸರು ಕೋರ್ಸೇರ್‌ದು, ಒಳಗಿನ ಕೆಲಸ ಅಸೆಟೆಕ್‌ದು. ಜೋಡಿಸೋಕೆ ನಾಲ್ಕು ಸ್ಕ್ರೂ, ನೀರು ತುಂಬೋ ತಂಟೆ ಇಲ್ಲ. ನಾವು ಎಐಒ ಅನ್ನೋದು ಇದಕ್ಕೇ.

ಕಾಮರ್ಸ್ ಓದೋನಿಗೆ ಇಲ್ಲಿ ಇನ್ನೊಂದು ಪಾಠ ಇದೆ. ಆ ಜೋಡಣೆಗೆ ಪೇಟೆಂಟ್ ಇತ್ತು. ಕೂಲರ್ ಮಾಸ್ಟರ್‌ನ ಅಮೆರಿಕದ ಮಾರಾಟ ಕಂಪನಿ ವಿರುದ್ಧದ ಕೇಸಲ್ಲಿ 2014ರಲ್ಲಿ ಅಲ್ಲಿನ ಜ್ಯೂರಿ ಅಸೆಟೆಕ್ ಪರ ತೀರ್ಪು ಕೊಡ್ತು. ಕೆಲವು ಕಂಪನಿಗಳು ಪಂಪನ್ನ ರೇಡಿಯೇಟರ್ ಹತ್ತಿರಕ್ಕೋ ಪೈಪಿನ ನಡುವಿಗೋ ಸರಿಸಿದ್ದಕ್ಕೆ ಇಂಥ ಪೇಟೆಂಟೂ ಒಂದು ಕಾರಣ.

ಇನ್ನೊಂದು ಬದಲಾವಣೆ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಸೀಲ್ ಆಗಿದೆ ಅಂದ್ರೆ ಬಳಸೋನು ರಿಪೇರಿ ಮಾಡೋ ಹಾಗಿಲ್ಲ.

ಭಾಗ 9/11 | ಏರ್ ಕೂಲರ್ ಒಳಗೂ ನೀರಿದೆ

ಇದು ಈ ಸರಣಿಯಲ್ಲಿ ನನಗೆ ತುಂಬಾ ಇಷ್ಟದ ಭಾಗ.

ಟವರ್ ಥರದ ಏರ್ ಕೂಲರ್‌ನಲ್ಲಿ ತಟ್ಟೆಯಿಂದ ಮೇಲೆ ಹೋಗೋ ತಾಮ್ರದ ಕೊಳವೆ ನೋಡಿದ್ದೀರಾ? ಅದು ಗಟ್ಟಿ ತಾಮ್ರ ಅಲ್ಲ, ಟೊಳ್ಳು. ಒಳಗೆ ಗಾಳಿ ತೆಗೆದು ಸ್ವಲ್ಪವೇ ಸ್ವಲ್ಪ ದ್ರವ ಬಿಟ್ಟು ಮುಚ್ಚಿರ್ತಾರೆ. ಸಾಮಾನ್ಯವಾಗಿ ಅದು ನೀರೇ. ಒಳಗೆ ಒತ್ತಡ ಕಡಿಮೆ ಇರೋದ್ರಿಂದ ನೀರು ಕಡಿಮೆ ಬಿಸಿಗೇ ಆವಿಯಾಗುತ್ತೆ. ಆವಿ ಮೇಲೆ ಹೋಗಿ ರೆಕ್ಕೆಗಳ ಹತ್ತಿರ ತಣ್ಣಗಾಗಿ ಮತ್ತೆ ನೀರಾಗುತ್ತೆ. ಕೊಳವೆಯ ಒಳಮೈಯಲ್ಲಿ ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ ನೀರನ್ನ ಎಳೆಯೋ ಪದರ ಇರುತ್ತೆ, ಅದರಲ್ಲಿ ವಾಪಸ್ ಕೆಳಗೆ ಬರುತ್ತೆ. ಪಂಪ್ ಇಲ್ಲ, ಕರೆಂಟ್ ಇಲ್ಲ.

ಇದರ ಹೆಸರು ಹೀಟ್ ಪೈಪ್. ಅಮೆರಿಕದ ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ 1940ರ ದಶಕದಲ್ಲೇ ಪೇಟೆಂಟ್ ತಗೊಂಡಿದ್ರು, ಯಾರೂ ಕಣ್ಣೆತ್ತಿ ನೋಡಲಿಲ್ಲ. 1963ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಮತ್ತೆ ಕಂಡುಹಿಡಿದ್ರು. ಉಪಗ್ರಹಗಳಿಗೆ ಹೋಯ್ತು, ಆಮೇಲೆ ಲ್ಯಾಪ್‌ಟಾಪ್‌ಗೆ, ಆಮೇಲೆ ಪಿಸಿಗೆ. ಕ್ರೇ-1 ಹೋಗಿದ್ದೂ ಅದೇ ಪ್ರಯೋಗಾಲಯಕ್ಕೆ ಅನ್ನೋದು ನೆನಪಿದೆಯಲ್ಲ?

ಅಂದ್ರೆ "ಏರ್" ಕೂಲರ್ ಬಿಸಿಯನ್ನ ಹೊತ್ತೊಯ್ಯೋದು ನೀರಿಂದ. "ಲಿಕ್ವಿಡ್" ಕೂಲರ್ ಕೊನೆಗೆ ಬಿಸಿಯನ್ನ ಬಿಡೋದು ಗಾಳಿಗೇ, ರೇಡಿಯೇಟರ್ ಫ್ಯಾನ್ ಮೂಲಕ. ನಿಜವಾದ ವ್ಯತ್ಯಾಸ ಎರಡೇ. ಲಿಕ್ವಿಡ್‌ನಲ್ಲಿ ರೆಕ್ಕೆಗಳನ್ನ ಚಿಪ್‌ನಿಂದ ದೂರ ಇಡಬಹುದು, ಹಾಗಾಗಿ ದೊಡ್ಡದಾಗಿ ಮಾಡಬಹುದು. ಅದರ ಬದಲಿಗೆ ಒಂದು ಪಂಪ್ ಮೇಲೆ ಭಾರ ಹಾಕಬೇಕು.

ಭಾಗ 10/11 | ಕೊಡಗಿನ ಹವೆ

ಕೂಲರ್ ಯಾವುದೇ ಇರಲಿ, ಕೋಣೆಯ ಬಿಸಿಗಿಂತ ಕೆಳಗೆ ಹೋಗಲ್ಲ. ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲಿಸುತ್ತೆ ಅನ್ನೋದೇ ಅದರ ಸಾಮರ್ಥ್ಯ. ಒಂದು ಕೂಲರ್ ಚಿಪ್ ಅನ್ನ ಕೋಣೆಗಿಂತ 45 ಡಿಗ್ರಿ ಮೇಲೆ ಹಿಡಿಯುತ್ತೆ ಅಂದ್ಕೊಳಿ. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆ 40 ಡಿಗ್ರಿ ಇದ್ರೆ ಚಿಪ್ 85. ಮಡಿಕೇರಿಯ ಕಕ್ಕಡದ ಮಳೆಯಲ್ಲಿ ಕೋಣೆ 20 ಇದ್ರೆ ಅದೇ ಚಿಪ್ 65. ಕೂಲರ್ ಬದಲಾಯಿಸಿದ್ರೂ ಸುಲಭಕ್ಕೆ ಸಿಗದ 20 ಡಿಗ್ರಿಯನ್ನ ನಮ್ಮೂರು ಪುಕ್ಕಟೆ ಕೊಡುತ್ತೆ.

ಕಳೆಯೋದೂ ಸ್ವಲ್ಪ ಇದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ತೆಳು, ಫ್ಯಾನ್ ಅಷ್ಟು ಕಡಿಮೆ ಗಾಳಿ ತಳ್ಳುತ್ತೆ. ಇದು ಎರಡೂ ಜಾತಿ ಕೂಲರ್‌ಗೆ ಅನ್ವಯ. ಚಳಿಯಿಂದ ಸಿಗೋ ಲಾಭದ ಮುಂದೆ ಸಣ್ಣದು.

"ತೇವಕ್ಕೆ ಲಿಕ್ವಿಡ್ ಕೂಲರ್ ಬೆವರಿ ನೀರು ತೊಟ್ಟಿಕ್ಕುತ್ತೆ" ಅಂತ ಕೆಲವರು ಹೇಳ್ತಾರೆ. ಮನೆ ಎಐಒದಲ್ಲಿ ಹಾಗಾಗಲ್ಲ. ಹನಿ ಕಟ್ಟಬೇಕಾದ್ರೆ ಮೇಲ್ಮೈ ಕೋಣೆಗಿಂತ ತಣ್ಣಗಿರಬೇಕು. ಅದು ಕ್ರೇ ಥರ ಫ್ರಿಜ್ ಕಟ್ಟಿದ ಮಿಷಿನ್‌ಗಳ ತಲೆನೋವು, ನಮ್ಮದಲ್ಲ.

ಇಲ್ಲಿ ನಿಜವಾಗಿ ಕಾಡೋದು ಬೇರೆ. ಮಳೆಗಾಲದಲ್ಲಿ ದೂಳಿನ ಮೇಲೆ ತೇವ ಕೂತು ರೆಕ್ಕೆಗಳ ನಡುವೆ ಗಟ್ಟಿಯಾಗುತ್ತೆ. ಮೊದಲ ಮಳೆಗೆ ಬರೋ ರೆಕ್ಕೆಹುಳಕ್ಕೆ ಲೈಟ್ ಅಂದ್ರೆ ಪ್ರಾಣ, ಬಣ್ಣದ ಲೈಟಿನ ಕೇಸ್ ಅದಕ್ಕೆ ಹಬ್ಬ. ಕರೆಂಟ್ ಹೋಗಿ ಬರೋದಂತೂ ದಿನದ ಮಾತು. ಮತ್ತೆ ದೂರ: ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 260ರ ಹತ್ತಿರ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತು. ಆಗ ಕೊರಿಯರ್ ಮಾತೆಲ್ಲಿ?

ಇತಿಹಾಸದ ಎರಡನೇ ಪ್ರಶ್ನೆ ನಮ್ಮ ಮನೆಗೆ ಬಂದು ನಿಲ್ಲೋದು ಇಲ್ಲಿ.

ಭಾಗ 11/11 | ಸವಕಳಿ ಲೆಕ್ಕ

ನನ್ನ ಚಿಕ್ಕಪ್ಪನ ಮಗ ಮದುವೆ ವಿಡಿಯೊ ಎಡಿಟ್ ಮಾಡ್ತಾನೆ. ಈ ವರ್ಷ ಮೆಣಸು ಮಾರಿದ ದುಡ್ಡಲ್ಲಿ ಚಿಕ್ಕಪ್ಪ ಅವನಿಗೆ ಪಿಸಿ ಕೊಡಿಸೋಕೆ ಒಪ್ಪಿದ್ರು. "ಅಣ್ಣ, ಲಿಕ್ವಿಡ್ ಹಾಕಿದ್ರೆ ಕಸ್ಟಮರ್ ಮುಂದೆ ಒಂದು ಗತ್ತು ಇರುತ್ತೆ" ಅಂದ. ಆಯ್ತು ಅಂತ ಇಬ್ಬರೂ ಬಿಕಾಂ ಮೊದಲ ವರ್ಷದ ಲೆಕ್ಕ ಹಾಕಿದ್ವಿ, ಸ್ಥಿರ ಕಂತಿನ ಸವಕಳಿ.

ಅವನು ನೋಡಿಟ್ಟಿದ್ದ ಎಐಒ 9,000 ರೂಪಾಯಿ. ಸೀಲ್ ಆಗಿದ್ರೂ ವರ್ಷಗಳಲ್ಲಿ ದ್ರವ ಪೈಪಿನ ಮೈಯಿಂದ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತೆ, ಪಂಪ್ ಸವೆಯುತ್ತೆ. ಆಯಸ್ಸು ಆರು ವರ್ಷ ಅಂತ ಹಿಡಿದ್ವಿ. ವರ್ಷಕ್ಕೆ 1,500. ಟವರ್ ಏರ್ ಕೂಲರ್ 3,000. ಲೋಹ ಸವೆಯಲ್ಲ, ಹತ್ತು ವರ್ಷ ಹಿಡಿದ್ವಿ. ನಡುವೆ ಒಂದು ಫ್ಯಾನ್ ಬದಲಿಗೆ 800. ವರ್ಷಕ್ಕೆ 380. ಫ್ಯಾನ್ ಕೆಟ್ಟರೆ ಯಾವ ಕಂಪನಿಯ 120 ಎಂಎಂ ಫ್ಯಾನ್ ಆದ್ರೂ ಕ್ಲಿಪ್ ಹಾಕಿದ್ರೆ ಆಯ್ತು. ಪಂಪ್ ಕೆಟ್ಟರೆ ಇಡೀ ಕೂಲರ್ ಪ್ಯಾಕ್ ಮಾಡಿ ಕಳಿಸಬೇಕು, ಅಷ್ಟು ದಿನ ಮಿಷಿನ್ ಬಂದ್. ಮದುವೆ ಸೀಸನ್ ಕಾಯಲ್ಲ.

ಅವನ ಪ್ರೊಸೆಸರ್ 65 ವ್ಯಾಟ್‌ದು, ಪೂರ್ತಿ ದುಡಿದ್ರೂ 90ರ ಆಸುಪಾಸು. ಟವರ್ ಧಾರಾಳ ಸಾಕು. ಏರ್ ಕೂಲರ್ ತಗೊಂಡ. ಉಳಿದ 6,000ಕ್ಕೆ ಯುಪಿಎಸ್ ಬಂತು. ಕರೆಂಟ್ ಹೋದಾಗ ಎಡಿಟ್ ಉಳಿಯೋದು ಅದರಿಂದ.

ಲಿಕ್ವಿಡ್ ಬೇಡವೇ ಬೇಡ ಅಂತಲ್ಲ. 2022ರ ಕೋರ್ ಐ9-13900ಕೆ ಥರದ ಚಿಪ್ 253 ವ್ಯಾಟ್ ತನಕ ಎಳೆಯುತ್ತೆ. ಗಂಟೆಗಟ್ಟಲೆ 3ಡಿ ರೆಂಡರ್ ಮಾಡೋರಿಗೆ ದೊಡ್ಡ ರೇಡಿಯೇಟರ್ ಬೇಕು. ಟವರ್ ಹಿಡಿಯದ ಸಣ್ಣ ಕೇಸ್ ಇದ್ರೂ ಅದೇ. ಪಿಸಿಯನ್ನ ಪದೇ ಪದೇ ಜೀಪಲ್ಲಿ ಸಾಗಿಸೋರಿಗೂ ಒಂದು ಮಾತು: ಒಂದು ಕಿಲೋ ದಾಟೋ ದೊಡ್ಡ ಟವರ್ ನಮ್ಮ ರಸ್ತೆಯ ಕುಲುಕಾಟಕ್ಕೆ ಮದರ್‌ಬೋರ್ಡ್ ಜಗ್ಗಬಹುದು, ಬಿಚ್ಚಿ ಒಯ್ಯಿರಿ. ಎಐಒ ಹಾಕೋದಾದ್ರೆ ರೇಡಿಯೇಟರ್ ಪಂಪ್‌ಗಿಂತ ಮೇಲೆ ಇರಲಿ, ಇಲ್ಲದಿದ್ರೆ ಗಾಳಿಗುಳ್ಳೆ ಪಂಪ್ ಸೇರುತ್ತೆ. ನೋಡೋಕೆ ಚೆಂದ ಅಂತ ತಗೊಂಡ್ರೂ ತಪ್ಪಿಲ್ಲ, ಲೆಕ್ಕದಲ್ಲಿ ಅದನ್ನ ಅಲಂಕಾರ ಅಂತಲೇ ಬರೀರಿ.

ಈಗ ಎಐ ಕಂಪ್ಯೂಟರ್‌ಗಳ ಕಾಲ. ಎನ್ವಿಡಿಯಾ 2024ರಲ್ಲಿ ತೋರಿಸಿದ ಒಂದೇ ಕಪಾಟು ಸುಮಾರು 120 ಕಿಲೋವ್ಯಾಟ್ ಎಳೆಯುತ್ತೆ. ಎನಿಯಾಕ್‌ನ ಇಡೀ ಕೋಣೆಯ ಬಿಸಿಗೆ ಹತ್ತಿರ ಹತ್ತಿರ. ಅಲ್ಲಿ ದ್ರವವೇ ಗತಿ, ಅದನ್ನ ನೋಡ್ಕೊಳ್ಳೋಕೆ ಹಗಲು ರಾತ್ರಿ ಜನ ಇದ್ದಾರೆ. ನಮ್ಮ ಮನೆಯ ಮೇಜಿನ ಕೆಳಗೆ ಇರೋದು ನಾವೊಬ್ರೇ.

ನಿಮ್ಮ ಪ್ರೊಸೆಸರ್ ಹೆಸರು, ಯಾವ ಕೆಲಸಕ್ಕೆ, ಯಾವ ಊರು, ಮೂರನ್ನ ಕಾಮೆಂಟಲ್ಲಿ ಹಾಕಿ. ಒಟ್ಟಿಗೆ ಲೆಕ್ಕ ಹಾಕೋಣ.

#ಕೊಡಗು #ಮಡಿಕೇರಿ #ಕನ್ನಡದಲ್ಲಿಇತಿಹಾಸ #ಕಂಪ್ಯೂಟರ್‌ಕಥೆ #ಪಿಸಿಕನ್ನಡ